ದಟ್ಟಿಗೆ ಮೊಳ

ಧರ್ಮಕ್ಕೆ ದಟ್ಟಿ ಕೊಟ್ಟರೆ
ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ.
ಹೌದು, ನಾನು ಹಾಕುತ್ತೇನೆ.
ನನ್ನ ಹಿತ್ತಲು: ರೇಝೆಕ್ನೆ ಊರಿನ ಗ್ರಂಥಾಲಯದ ನೆಲಮಾಳಿಗೆ.
ಹೊರಗೆ ಮೈನಸ್ ಹತ್ತೊಂಬತ್ತು.
ಒಳಗೆ ಬ್ಯಾಂಕಿನವರು ಬಿಸಾಡಿದ ಒಂಬತ್ತು ಕಂಪ್ಯೂಟರು,
ಒಂದರ ಫ್ಯಾನು ಗೊರಕೆ ಹೊಡೆಯುತ್ತದೆ.

ಆ ಗೊರಕೆಯ ಮೇಲೂ ಓಡುತ್ತದೆ ಈ ಆಟ.
ಇದು ಮೊದಲ ಮೊಳ, ಬರೆದುಕೊಳ್ಳಿ.
ಕಾಸು ಕೇಳಲಿಲ್ಲ, ಹೆಸರು ಕೇಳಲಿಲ್ಲ,
ಹೊಸ ಕತ್ತಿ ಬೇಕಿದ್ದರೆ ಅಪ್ಪನ ಕಾರ್ಡು ತಾ ಎನ್ನಲಿಲ್ಲ.
ಆರು ಮೂಲೆಯ ಮನೆಗಳ ನಕಾಶೆ,
ಗುಡ್ಡದ ಮೇಲೆ ನಿಂತವನಿಗೆ ಬಲ,
ಜವುಗಿನಲ್ಲಿ ನಿಂತವನಿಗೆ ಮೂರು ನಡೆಯಲ್ಲಿ ಸಾವು.
ಹನ್ನೊಂದರ ಯೆಜುಪ್ಸ್ ಒಂದೇ ಸಂಜೆಗೆ ಕಲಿತ.
ಜವುಗಿನ ಬಗ್ಗೆ ಇಲ್ಲಿನ ಮಕ್ಕಳಿಗೆ
ಪಾಠ ಬೇಕಿಲ್ಲ.

ಮುಂದಿನ ಮೊಳ ಗಿಡ್ಡ.
ಹಡಗು ಬಂದರು ಬಿಡುವುದಿಲ್ಲ:
ಮೂಗನ್ನು ಕಲ್ಲಿಗೆ ಒತ್ತಿ ನಿಲ್ಲುತ್ತದೆ
ಬೈಸಿಕೊಂಡು ಗೋಡೆಗೆ ತಿರುಗಿದ ಹುಡುಗನ ಹಾಗೆ.
ಎದುರಾಳಿ ಯಂತ್ರಕ್ಕೆ ಹಿಂದೆ ಸರಿಯಲು ಬಾರದು,
ಬರುತ್ತದೆ, ಸಾಯುತ್ತದೆ, ಮತ್ತೆ ಬರುತ್ತದೆ;
ಗೆದ್ದವನಿಗೇ ಒಂದು ಥರ ನಾಚಿಕೆ.
ಕುದುರೆಯ ಓಟದ ಸದ್ದು
ಯಾರೋ ಅಡುಗೆಮನೆಯಲ್ಲಿ ಬಟ್ಟಲು ಕುಟ್ಟಿದ್ದು.
ರಾಣಿಯ ಮುಖ ಬರೆದ ಕೈ ಒಂದು,
ಅವಳ ತಂಗಿಯ ಮುಖ ಬರೆದ ಕೈ ಇನ್ನೊಂದು,
ಒಂದೇ ಬಸಿರಿನವರೆಂದು ನಂಬಲು
ಭಕ್ತಿ ಬೇಕು.

ಯಾರನ್ನು ಬೈಯೋಣ? ಯಜಮಾನನೇ ಇಲ್ಲ.
ದೂರು ಬರೆದೆ, ಎರಡು ಚಳಿಗಾಲ ಕಳೆಯಿತು.
ಆಮೇಲೆ ಯಾರೋ ಒಬ್ಬ, ಮೊಂಟೆವಿಡಿಯೊದಲ್ಲಂತೆ,
ಹಗಲು ನೆಲಹಾಸು ಕಲ್ಲು ಮಾರುವವನು,
ರಾತ್ರಿ ಕೂತು ಹಡಗು ಬಿಡಿಸಿದ.
ಹೊಸ ಆವೃತ್ತಿ ಬಂದ ದಿನ
ಹಾಯಿ ಬಿಚ್ಚಿ ಹೊರಟೇಬಿಟ್ಟಿತು, ಚಪ್ಪಾಳೆ!
ಮೊಂಟಾ ಮಾತ್ರ ಅತ್ತಳು.
ಕಳೆದ ವರ್ಷದಿಂದ ಅವಳ ಕೋಟೆಯನ್ನು ಕಾಯುತ್ತಿದ್ದದ್ದು
ಶತ್ರುವಿನ ಆ ಸಿಕ್ಕಿಬಿದ್ದ ಹಡಗೇ.
ಬೆಳಗಾಗುವುದರೊಳಗೆ ಕೋಟೆ ಹೋಯಿತು.

ಇನ್ನು ಅನೆಲೆ.
ಅಂಚೆಯಲ್ಲಿ ಮುದ್ರೆ ಒತ್ತಿ ನಿವೃತ್ತಳಾದವಳು,
ಆಟವನ್ನು ಒಬ್ಬಳೇ ಲಾತ್ಗಾಲಿ ಮಾತಿಗೆ ತಂದವಳು.
ಕಾಸು ಕೊಟ್ಟು ತಂದ ಯಾವ ಆಟವೂ ಈ ಮಕ್ಕಳೊಡನೆ
ಅವರ ಅಜ್ಜಿಯ ಮಾತಾಡಿರಲಿಲ್ಲ.
'ಹಿಮ್ಮೆಟ್ಟು' ಎನ್ನುವ ಕಡೆ ಅನೆಲೆ
ತನ್ನಮ್ಮ ಹಸುಗಳನ್ನು ಓಟ್ಸ್ ಹೊಲದಿಂದ ಅಟ್ಟುವಾಗ
ಕೂಗುತ್ತಿದ್ದ ಪದವನ್ನೇ ಇಟ್ಟಳು.
ಮಕ್ಕಳು ಬಿದ್ದು ಬಿದ್ದು ನಕ್ಕರು.
ದಂಡು ಮಾತ್ರ ನಗದೆ
ಸಾಲಾಗಿ ಹಿಂದಕ್ಕೆ ನಡೆಯಿತು.

ಅದೂ ಏಳನೆಯ ಅಧ್ಯಾಯದ ತನಕ.
ಅಲ್ಲಿ ಸೇತುವೆ ಕಾಯುವ ಮುದುಕ
ಕಂದೀಲು ಎತ್ತಿ, ನಮ್ಮ ಮಾತಲ್ಲಿ
'ಮಕ್ಕಳೇ, ಈ ಹೊಳೆ' ಎಂದು ಶುರುಮಾಡಿ
ತಟಕ್ಕನೆ ಇಂಗ್ಲಿಷಿಗೆ ಹೊರಳುತ್ತಾನೆ.
ಅನೆಲೆಯ ಕಣ್ಣು ಮಂಜಾದದ್ದು ಆ ವಾರ.

ಹರಿದಲ್ಲಿ ಹರಿದಿದೆ ಎನ್ನದೆ
ಹೊಲಿಯುವುದು ಹೇಗೆ? ಅದಕ್ಕೇ ಮೊಳ ಹಾಕುತ್ತೇನೆ.
ಅಂಗಡಿಯ ದಟ್ಟಿಗೆ ಸೂಜಿ ತಾಗಿಸಿದರೆ
ವಕೀಲರು ಬರುತ್ತಾರೆ.
ಇದರ ಜೊತೆ ದಾರದುಂಡೆಯನ್ನೂ ಕೊಟ್ಟಿದ್ದಾರೆ,
ದಾರ ಸಿಕ್ಕುಸಿಕ್ಕು, ನಿಜ,
ಸೂಜಿಗೆ ಪೋಣಿಸುವಷ್ಟರಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ.

ಮೊನ್ನೆ ಗುರುವಾರ ಯೆಜುಪ್ಸ್
ಅವಳನ್ನು ಕೈಹಿಡಿದು ಮೆಟ್ಟಿಲಿಳಿಸಿ ತಂದ.
ಗೊರಕೆಯ ಯಂತ್ರದ ಮುಂದೆ ಕೂರಿಸಿದ.
'ಮುದುಕ ಏನಂತಾನೆ?'
'ನೀರು ಏರ್ತಿದೆ, ದಾಟೋರು ಈಗಲೇ ದಾಟಿ... ಅಂತ ಇರಬಹುದು.'
'ಇರಬಹುದು ಅಂದರೆ ಸಾಲದು,' ಅಂದಳು ಅನೆಲೆ,
ಕೋಟು ಕಳಚುತ್ತ, 'ನಿಘಂಟು ತಾ.'

ಅದು ಮೇಲಿನ ತಟ್ಟಿನಲ್ಲಿತ್ತು.
ನಾನು ಏಣಿ ತರಲು ಹೋದೆ.