ಎಡಗಡೆಯ ಕಿಟಕಿ

ಕಾರವಾರದಿಂದ ಭಟ್ಕಳಕ್ಕೆ
ನನ್ನ ಲೆಕ್ಕದಲ್ಲಿ ಮೂರೂವರೆ ತಾಸು,
ಅಂಕೋಲೆಯ ಚಾ ಸೇರಿ.
ಗುಲಾಬಿಯ ಲೆಕ್ಕದಲ್ಲಿ ಹದಿನಾಲ್ಕು ದಿನ.

ಹಳೇ ಕ್ಯಾಲೆಂಡರಿನ ಮಾರ್ಚ್ ಹರಿದು
ಬೆನ್ನಿಗೆ ಗೆರೆ ಎಳೆದಿದ್ದಾಳೆ:
ಒಂದು ಸಮುದ್ರ, ಒಂದು ರಸ್ತೆ,
ನಡುವೆ ಪೆನ್ಸಿಲ್ಲಿನ ಚುಕ್ಕೆಗಳು.
ಅಭ್ಯಾಸಬಲ, ನಾನು ಚುಕ್ಕೆಗಳ ಎದುರು ಹೊತ್ತು ಬರೆದೆ
ಬಿಣಗಾ ಆರು ಹತ್ತು
ಅಮದಳ್ಳಿ ಆರು ಇಪ್ಪತ್ತೈದು
ಅವರ್ಸಾ
ಅಷ್ಟರಲ್ಲಿ ಅವಳು ರಬ್ಬರ್ ತಂದಳು.

ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದ ರಸ್ತೆ.
ಯಾವ ಸೇತುವೆಯ ಜೋಡಣೆಗೆ ಎಷ್ಟು ಸಲ ಬಿಕ್ಕುತ್ತದೆ,
ಹಿರೇಗುತ್ತಿಯ ಯಾವ ಎಮ್ಮೆ ಹಾರನ್ನಿಗೆ ಜಗ್ಗುವುದಿಲ್ಲ,
ಮಾದನಗೇರಿಯಲ್ಲಿ ಗೋಕರ್ಣದ ಟೆಂಪೋ
ಹೇಗೆ ಮೂಗು ತೂರಿಸುತ್ತದೆ,
ಎಲ್ಲ ನನ್ನ ಬಲಗಾಲಿಗೆ ಗೊತ್ತು.

'ಕಣ್ಣಿಗೆ?' ಅಂದಳು.

ಕಣ್ಣಿಗೆ ಕನ್ನಡಿಯಿತ್ತು, ಮುಂದಿನ ಲಾರಿಯ ಬೆನ್ನಿತ್ತು,
ಅಡ್ಡ ಬರುವ ಶಾಲೆಯ ಮಕ್ಕಳಿದ್ದರು.
ಸಮುದ್ರವೂ ಇತ್ತು, ಇರಲೇಬೇಕು,
ಗಾಜಿನ ಮೇಲೆ ದಿನಾ ಉಪ್ಪು ಕೂರುತ್ತಿತ್ತು ಅಂದಮೇಲೆ.

ಹಳದೀಪುರದಲ್ಲಿ ಎರಡು ರಾತ್ರಿ ಅಂತ ಬರೆದಿದೆ.
ಯಾಕೆ, ಅಲ್ಲಿ ಯಾರಿದ್ದಾರೆ?
'ಯಾರೂ ಇಲ್ಲ. ಅದಕ್ಕೇ.
ನಂಟರ ಮನೆಯಾದರೆ ಹೋದ ಕೂಡಲೇ
ನಾನು ಒಳಗೆ ತೆಂಗಿನಕಾಯಿ ತುರಿಯಬೇಕು,
ನೀವು ಜಗುಲಿಯಲ್ಲಿ ಡಿಪೋದ ಕತೆ ಶುರು ಮಾಡುತ್ತೀರಿ.'

ಅಳ್ವೆಕೋಡಿಯಲ್ಲಿ ಸಿಹಿ ಈರುಳ್ಳಿಯ ಜಡೆ ಕೊಳ್ಳಲು
ಒಂದು ಬೆಳಗು.
ಈರುಳ್ಳಿಗೆ ಇಡೀ ಬೆಳಗೆ?
'ಮದುವೆಯಾದ ವರ್ಷದಿಂದ ಹೇಳಿದ್ದೇನೆ,
ಬರುವಾಗ ಒಂದು ಜಡೆ ತನ್ನಿ ಅಂತ.
ಸ್ಟಾಪಿಲ್ಲ ಅಂದಿರಿ.'
ನಿಜ, ಅಲ್ಲಿ ನಮಗೆ ಸ್ಟಾಪಿರಲಿಲ್ಲ.

ಅಘನಾಶಿನಿಯನ್ನು ದಿನಕ್ಕೆರಡು ಸಲ ದಾಟಿದವನು ನಾನು,
ಅದರ ನೀರಿಗೆ ಕೈ ಅದ್ದಿದವನಲ್ಲ.
ಇಳಿತದ ಹೊತ್ತು ನೋಡಿ ಹೋಗಬೇಕಂತೆ,
ಸೊಂಟದ ನೀರಲ್ಲಿ ನಿಂತು ಬಳಚು ಹೆಕ್ಕುವವರು
ಕಾಲಿನಿಂದಲೇ ಹುಡುಕುತ್ತಾರಂತೆ, ಕಣ್ಣಿನಿಂದಲ್ಲ.
ಪಂಚಾಂಗ ತಂದು ಅಮಾಸೆ ಹುಣ್ಣಿಮೆ ಎಣಿಸಿದಳು.
ಟೈಮ್‌ಟೇಬಲ್ಲಿಗೆ ಚಂದ್ರನನ್ನು ಕೇಳುವವರನ್ನು
ನಾನು ನೋಡಿದ್ದು ಇದೇ ಮೊದಲು.

ತದಡಿಯ ಬಾರ್ಜಿನ ಮೇಲೆ ಕಾರು ದಾಟುತ್ತದೋ?
ಇಬ್ಬರಿಗೂ ಗೊತ್ತಿಲ್ಲ.
ಕೇಳಬೇಕು ಎಂದು ಒಂದು ದೊಡ್ಡ ಪ್ರಶ್ನೆ ಹಾಕಿಟ್ಟೆವು.
ಆ ದಾರಿಯಲ್ಲಿ ನನಗೆ ಗೊತ್ತಿಲ್ಲದ್ದು
ಇನ್ನೂ ಇದೆ ಅನ್ನುವುದಕ್ಕೆ
ಒಳಗೊಳಗೇ ಖುಷಿಯಾಯಿತು, ತೋರಿಸಲಿಲ್ಲ.

ಆಮೇಲೆ, ಗಂಟಲು ಸರಿಮಾಡಿಕೊಂಡು:
ಹಿಂದಿನ ಟಯರು ಎರಡೂ ಬದಲಾಗಬೇಕು,
ಕ್ಲಚ್ಚು ಸ್ವಲ್ಪ ಮೇಲಿದೆ, ಪರವಾಗಿಲ್ಲ, ನಾನು ಸುಧಾರಿಸುತ್ತೇನೆ.

ಅವಳು ಪರ್ಸಿನಿಂದ ಲೈಸೆನ್ಸ್ ತೆಗೆದು ಹಾಳೆಯ ಮೇಲಿಟ್ಟಳು,
ಸರಿಯಾಗಿ ಹೊನ್ನಾವರದ ಮೇಲೆ.
ಐವತ್ತಾರಕ್ಕೆ ತೆಗೆಸಿದ ಫೋಟೋ,
ಕಣ್ಣು ಮಿಟುಕಿಸಬೇಡಿ ಅಂದದ್ದಕ್ಕೆ
ಇಂದಿಗೂ ಮಿಟುಕಿಸಿಲ್ಲ.
'ನಾನು ನಡೆಸುವುದು. ನೀವು ಎಡಕ್ಕೆ ಕೂತುಕೊಳ್ಳಿ.'

ಎಡಗಡೆ ಬ್ರೇಕಿಲ್ಲ.
ಅಷ್ಟು ದಿನ ಈ ಕಾಲು ಏನು ಮಾಡಬೇಕು?
'ಚಪ್ಪಲಿ ಬಿಚ್ಚಿಡಿ.'

ಮತ್ತೆ ರಬ್ಬರ್ ಎತ್ತಿಕೊಂಡಳು.
ಒಂದರಿಂದ ಹದಿನಾಲ್ಕು ಉಜ್ಜಿ
ಕೆಳಗಿನಿಂದ ಮೇಲಕ್ಕೆ ಬರೆದಳು.
'ಭಟ್ಕಳಕ್ಕೆ ಹೋಗುವಾಗ ಸಮುದ್ರ ಬಲಕ್ಕೆ, ನನ್ನ ಬದಿ.
ನಾನು ರಸ್ತೆ ನೋಡಬೇಕು, ನಿಮಗೆ ಬರೀ ಗುಡ್ಡ.
ಬರುವಾಗ ಎಡಕ್ಕೆ, ಇಡೀ ನಿಮ್ಮ ಕಿಟಕಿಗೆ.
ಹಾಗಾಗಿ ಭಟ್ಕಳದಿಂದ ಶುರು.'

ನಾವಿರುವುದು ಕಾರವಾರದಲ್ಲಿ, ಮಾರಾಯ್ತಿ.
ಶುರು ಮಾಡಲಿಕ್ಕಾದರೂ ಇದೇ ದಾರಿಯಲ್ಲಿ ಹೋಗಬೇಕಲ್ಲ?

'ರಾತ್ರಿ ಹೋಗುವ.
ಏನೂ ಕಾಣದ ಹಾಗೆ.
ಅಷ್ಟು ದೂರ ಬೇಕಾದರೆ ನೀವೇ ನಡೆಸಿ.'

ಹಾಳೆಯ ಅಂಚಿಗೆ ಸಣ್ಣಗೆ ಬರೆದೆ:
ಕಾರವಾರ, ರಾತ್ರಿ ಹತ್ತು. ಭಟ್ಕಳ, ಒಂದೂವರೆ.
ಅದನ್ನು ಮಾತ್ರ
ಅವಳು ಅಳಿಸಲಿಲ್ಲ.