ಗೆರೆಯ ಬಾಡಿಗೆ

ಜೂನ್ ಮುಗಿಯುವ ವಾರ, ಬ್ಯಾಲರಾಟ್.
ತಗಡಿನ ಶೆಡ್ಡಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ
ಹತ್ತು ಗಂಟೆಯಾದರೂ ಬಿಟ್ಟಿಲ್ಲ.
ಡೆಸ್ಮಂಡ್ ಅಂಗೈ ಉಜ್ಜುತ್ತ ಬಂದು
ನನ್ನ ಕೀಬೋರ್ಡಿನ ಮೇಲೆ ಒಂದು ಕಾಗದ ಇಟ್ಟ:
ನಕ್ಷೆಯ ಸಾಫ್ಟ್‌ವೇರಿಗೆ ವರ್ಷದ ಬಾಡಿಗೆ
ಮತ್ತೆ ಏರಿದೆ.

ನಮ್ಮದು ಎರಡೂವರೆ ಜನರ ಅಂಗಡಿ.
ಅವನು ಬೆಸುಗೆ, ನಾನು ನಕ್ಷೆ,
ಅರ್ಧ ಎಂದರೆ ಬುಧವಾರ ಮಾತ್ರ ಬರುವ ಲಾಕಿ.
ಮಾಡುವುದು ಗೇಟು, ಮೆಟ್ಟಿಲಿನ ಕಟಕಟೆ,
ಗಾಲಿಕುರ್ಚಿ ಹತ್ತುವ ಇಳಿಜಾರು.
ಮೂಗಿಗಿಂತ ಮೂಗುತಿ ಭಾರ, ಅಂದೆ, ಕನ್ನಡದಲ್ಲೇ.
ವಿವರಿಸುವಷ್ಟರಲ್ಲಿ ಅವನ ಚಹಾ ಆರಿತು.
ಕೊನೆಗೆ ತನ್ನ ಮೂಗು ಮುಟ್ಟಿ ನೋಡಿಕೊಂಡು
ತಲೆಯಾಡಿಸಿದ.

ಆ ರಾತ್ರಿ ಲೆಕ್ಕ ಹಾಕಿದೆ.
ಅದರಲ್ಲಿ ನಾನು ಒತ್ತುವುದು ಹನ್ನೊಂದು ಗುಂಡಿ:
ಗೆರೆ, ವೃತ್ತ, ಕತ್ತರಿಸು, ಹಿಗ್ಗಿಸು, ಹೀಗೆ.
ಉಳಿದ ಸಾವಿರ ಗುಂಡಿ ಯಾರದೋ ವಿಮಾನಕ್ಕೆ,
ಯಾರದೋ ಎಂಬತ್ತು ಅಂತಸ್ತಿಗೆ.
ಒಂದು ಲೋಟ ಮಜ್ಜಿಗೆಗೆ
ಇಡೀ ಕಲ್ಯಾಣಮಂಟಪ ಹಿಡಿದ ಹಾಗೆ.
ಅದೂ ಹೋಗಲಿ. ಎಳೆದವಳು ನಾನು, ಅಳತೆ ನನ್ನದು,
ಕಂತು ತಪ್ಪಿದರೆ
ನನ್ನ ಗೆರೆ ನನಗೇ ಕದ ತೆರೆಯದು.

ಹರಿಹರದ ಐಟಿಐಯಲ್ಲಿ ಖಾದರ್ ಮೇಷ್ಟ್ರು
ಮೊದಲ ವಾರ ಬರೀ ಪೆನ್ಸಿಲ್ ಹೆರೆಸಿದರು.
ಉಜ್ಜುಕಾಗದದ ಮೇಲೆ ತಿಕ್ಕಿ ತಿಕ್ಕಿ
ತುದಿ ಉಳಿಯಾಗುವವರೆಗೆ ಶೀಟು ಕೊಡಲಿಲ್ಲ.
ಮೂರು ರೂಪಾಯಿಯ ಪೆನ್ಸಿಲ್ಲು.
ಅದರಲ್ಲಿ ಬರೆದ ಒಂದು ಲೇತಿನ ನಕ್ಷೆ
ಟ್ರಂಕಿನ ತಳದಲ್ಲಿ ಇನ್ನೂ ಇದೆ,
ಪಾಸ್‌ವರ್ಡ್ ಕೇಳದೆ ಬಿಚ್ಚಿಕೊಳ್ಳುತ್ತದೆ.

ಅಳೆದೂ ಸುರಿದೂ ಮೂರು ಇಳಿಸಿಕೊಂಡೆ.
ಮೊದಲನೆಯದಕ್ಕೆ ಇಂಚಿನ ಹಟ.
ಎರಡನೆಯದು ಹದಿನಾಲ್ಕು ದಿನ ನಗುನಗುತ್ತ ಇದ್ದು
ಹದಿನೈದಕ್ಕೆ ಕೈ ಚಾಚಿತು.
ಮೂರನೆಯದು, ಎಲ್ಲೆಲ್ಲೋ ಯಾರುಯಾರೋ
ನಿದ್ದೆಗೆಟ್ಟು ಬರೆದು, ತಗೊಳ್ಳಿ ಎಂದು ಬಿಟ್ಟದ್ದು.
ಮಂಕು ಬಣ್ಣ. ಬೇರೆಯವರ ಅಡುಗೆಮನೆ ಹೊಕ್ಕಂತೆ,
ಉಪ್ಪಿನ ಡಬ್ಬಿ ತೆಗೆದರೆ ಸಕ್ಕರೆ.
ಹಳೆಯ ನಕ್ಷೆ ತೆರೆದರೆ ಅಕ್ಷರವೆಲ್ಲ ಪ್ರಶ್ನೆಚಿಹ್ನೆ,
ಕಮಾನೆಲ್ಲ ಮುರಿದ ಬಳೆ.
ಒಂದು ಸಂಜೆ ಅತ್ತೂಬಿಟ್ಟೆ,
ನಲವತ್ತಾರನೇ ವಯಸ್ಸಿನಲ್ಲಿ, ಒಂದು ಮೆನುವಿಗೆ.

ನೋರೀನ್ ಅಜ್ಜಿಯ ಇಳಿಜಾರಿನ ನಕ್ಷೆ
ತೆರೆದ ದಿನ ಮೂಲೆಯಲ್ಲೊಂದು ಕೆಂಪು ಚುಕ್ಕೆ.
ಗೆರೆಗಳು ಕೂಡಿಲ್ಲ, ಎನ್ನುತ್ತಿತ್ತು.
ಹಿಗ್ಗಿಸಿ ನೋಡಿದೆ: ಎರಡು ಮಿಲಿಮೀಟರ್.
ಮೂರು ವರ್ಷ ಆ ದುಬಾರಿ ಪರದೆ
ಇದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.
ಡೆಸ್ಮಂಡನನ್ನು ಕರೆದೆ.
ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ
ಹೌದು, ಅವತ್ತೇ ತುಂಬಿಸಿದ್ದೆ, ಅಂದ.
ಇನ್ನೊಂದು ಕಡ್ಡಿ ಬೆಸುಗೆ, ಅಷ್ಟೇ.
ನನಗೇಕೆ ಹೇಳಲಿಲ್ಲ?
ಅವನು ಆಗಲೇ ಮುಖವಾಡ ಇಳಿಸಿಕೊಂಡಿದ್ದ,
ಕಿಡಿಗಳ ಸದ್ದಿನಲ್ಲಿ ಉತ್ತರ ಇತ್ತೋ ಇಲ್ಲವೋ.

ಮೂವತ್ತನೇ ತಾರೀಖು ಕಾಗದ ಹರಿದು
ಒಲೆಗೆ ಹಾಕಿದೆವು. ಸ್ವಲ್ಪವೇ ಉರಿಯಿತು.

ಗೆದ್ದೆ ಎನ್ನುವಂತೇನಿಲ್ಲ.
ಸೆಬಾಸ್ಟಪೋಲಿನ ಗೇಟಿಗೆ ಬೇಕಾದ ಕಮಾನು
ಹೊಸದರಲ್ಲಿ ಇನ್ನೂ ನನ್ನ ಮಾತು ಕೇಳುತ್ತಿಲ್ಲ.
ಗುರುವಾರ ಕೊಡಬೇಕು.
ಕಾಂಕ್ರೀಟ್ ನೆಲ ಗುಡಿಸಿ, ಸೀಮೆಸುಣ್ಣಕ್ಕೆ ದಾರ ಕಟ್ಟಿ,
ಇನ್ನೊಂದು ತುದಿಯ ಮೊಳೆ ಲಾಕಿಗೆ ಕೊಟ್ಟೆ.
ಇದಕ್ಕೆಷ್ಟಾಗುತ್ತೆ, ಎಂದು ಕೇಳಿದ,
ಹದಿನೇಳರ ಹುಡುಗ, ತಮಾಷೆಗೋ ನಿಜಕ್ಕೋ.

ದಾರ ಸಡಿಲ ಬಿಡಬೇಡ, ಅಂದೆ.