ಜೇಬಿನ ಅಳತೆ

ಹದಿನೇಳು ವರ್ಷ ಆತು, ನಾನು ಹೊಲಿಯೋದು ಜೇಬು ಒಂದೇ.
ಕಾಲು ಕೂಡಿಸೋಳು ಖಾಜಾಬಿ,
ಜಿಪ್ಪು ಕೂರಿಸೋನು ವನ್ನೂರಪ್ಪ,
ಗುಂಡಿ ಬಡಿಯೋಕೆ ತಿಪ್ಪೇಶ.
ರಾಯದುರ್ಗದ ಈ ಓಣಿಯಿಂದ ಹೊರಟ ಪ್ಯಾಂಟು
ಬಳ್ಳಾರಿಗೆ ಹೋಗಿ ಚೀಟಿ ಅಂಟಿಸ್ಕೊಂಡು
ಬೇರೆ ಯಾವ ದೇಶದಾಗೋ ಹುಟ್ಟಿದಂಗೆ ನಿಲ್ತೈತೆ.

ಅದಕ್ಕೇ ಹೇಳ್ತೀನಿ, ಫೋನಿನ ಬಗ್ಗೆ ಮಾತಾಡೋ ಹಕ್ಕು ನನಗೂ ಐತೆ.
ಯಾವ ಕಂಪನಿ ಏನೇ ಮಾಡ್ಲಿ,
ಕೊನೆಗೆ ಬಂದು ಬೀಳೋದು ನಾನು ಬಿಟ್ಟ ಜಾಗದಾಗೆ.

ಹೊಸಾದು ಬಿಡುಗಡೆ ಆಗೋ ಸುದ್ದಿ
ನಿಮಗೆ ಟಿವಿಯಾಗೆ ಬರ್ತೈತೆ,
ನನಗೆ ಮೇಸ್ತ್ರಿ ಬಾಯಾಗೆ:
"ಈ ಸಲ ಅರ್ಧ ಇಂಚು ಇಳಿಸಮ್ಮ."
ಅಷ್ಟೇ. ಕ್ಯಾಮರಾ ಎಷ್ಟು, ಬ್ಯಾಟರಿ ಎಷ್ಟು, ಅವನಿಗೂ ಬ್ಯಾಡ.
ಮೊದಮೊದಲು ಬಂದ ಟಾರ್ಚಿನ ಫೋನು
ಚಿಲ್ಲರೆ ಜೇಬಿನಾಗೆ ಮಲಗ್ತಿತ್ತು, ಬೆಕ್ಕಿನ ಮರಿ ಹಂಗೆ.
ಈಗಿನವು ಕುಂತ್ರೆ ಸೊಂಟಕ್ಕೆ ಚುಚ್ತಾವೆ,
ನಿಂತ್ರೆ ಇಣುಕ್ತಾವೆ.
ಇಳಿಸಿ ಇಳಿಸಿ
ಜೇಬು ಮೊಣಕಾಲಿನ ಕಡೆ ಹೊಂಟೈತೆ.
ಮೂರು ಇಂಚು ಇಳಿದ್ರೂ
ಕೂಲಿ ಮೂರು ಪೈಸೆ ಏರಿಲ್ಲ.

ಹೆಂಗಸರ ಪ್ಯಾಂಟಿನ ಕತೆ ಕೇಳಬ್ಯಾಡ್ರಿ.
ಜೇಬಿನ ಗೆರೆ ಐತೆ, ಜೇಬಿಲ್ಲ.
ದಾರದಾಗೆ ಬಾಗಿಲು ಬರೆದು ಒಳಗೆ ಗೋಡೆ ಕಟ್ಟಿದಂಗೆ.
ಆರೂವರೆ ಇಂಚಿನ ಫೋನು ಅವಳಿಗೂ ಮಾರ್ತಾರೆ,
ಇಡೋಕೆ ಜಾಗ ಮಾರಲ್ಲ.
ಇದು ನನ್ನ ಅಭಿಪ್ರಾಯ. ಮೇಸ್ತ್ರಿಗೂ ಹೇಳಿದೆ.
ಪ್ಯಾಂಟಿನ ಕಟ್ಟು ಎಣಿಸ್ತಿದ್ದ, ಎಣಿಕೆ ತಪ್ತು, ನನಗೇ ಬೈದ.

ದಾರದ ಕಂಬಕ್ಕೆ ನನ್ನ ಫೋನು ಒರಗಿಸಿರ್ತೀನಿ, ಕನ್ನಡ ಸುದ್ದಿ.
ಪಕ್ಕದಾಗೆ ಖಾಜಾಬಿದು ತೆಲುಗು.
ಒಂದರಾಗೆ ಡ್ಯಾಮಿನ ನೀರು ಅವರಿಗೆ ಬಿಡಲ್ಲ ಅಂತಾರೆ,
ಇನ್ನೊಂದರಾಗೆ ನಮ್ಮದನ್ನ ನಮಗೆ ಕೊಡ್ರಿ ಅಂತಾರೆ.
ನಾವಿಬ್ಬರೂ ಒಂದೇ ಕೊಡದ ನೀರು ಕುಡಿದು ಕೇಳ್ತೀವಿ.
ಬ್ರೇಕಿಂಗ್ ನ್ಯೂಸ್, ಬ್ರೇಕಿಂಗ್ ನ್ಯೂಸ್ ಅಂತ ಕೆಂಪು ಪಟ್ಟಿ.
ನಮ್ಮಲ್ಲಿ ದಾರ ಬ್ರೇಕ್ ಆದ್ರೆ ಪೆಡಲಿನಿಂದ ಕಾಲು ತೆಗೀತೀವಿ,
ಸೂಜಿ ಕಣ್ಣು ಹುಡುಕಿ, ಎಂಜಲು ಹಚ್ಚಿ, ಮತ್ತೆ ಪೋಣಿಸ್ತೀವಿ.
ಅವರು ತುಂಡು ದಾರದಾಗೇ ಹೊಲೀತಾ ಹೋಗ್ತಾರೆ,
ಬಟ್ಟೆ ತುಂಬ ತೂತು, ಹೊಲಿಗೆ ಇಲ್ಲ.

ಮೊನ್ನೆ ತಿಪ್ಪೇಶ ಓಡಿಬಂದ:
"ಅಕ್ಕಾ, ಮಡಚೋ ಫೋನು ನೋಡಿಲ್ಲಿ! ಒಂದೂವರೆ ಲಕ್ಷ!"
ನಾಲ್ಕು ಮಷೀನು ಒಟ್ಟಿಗೆ ನಿಂತು ನಕ್ಕವು.
ಬೆಳಗ್ಗಿಂದ ರಾತ್ರಿತನಕ ನಾವು ಮಡಚೋದೇ ಅಲ್ಲೇನು.
ವನ್ನೂರಪ್ಪ ಕನ್ನಡಕ ಒರೆಸ್ಕೊಂಡು ಒಂದೇ ಮಾತು ಕೇಳಿದ:
"ಗೆರೆ ಬೀಳ್ತೈತಾ?"
"ಸ್ವಲ್ಪ ಬೀಳ್ತೈತಂತೆ."
"ಹಂಗಾದ್ರೆ ಇನ್ನೂ ಕಲೀತಾ ಇದಾರೆ ಬಿಡು,"
ಅಂದು ಜಿಪ್ಪಿಗೆ ಮೇಣ ಹಚ್ಚಿದ.

ನನ್ನ ಫೋನು ಎಲ್ಲಿರ್ತೈತೆ ಅಂತ ಯಾರೂ ಕೇಳಿಲ್ಲ.
ವರ್ಷಗಟ್ಟಲೆ ಬುತ್ತಿ ಚೀಲದಾಗಿತ್ತು,
ಚಿತ್ರಾನ್ನದ ಅರಿಶಿನ ಹತ್ತಿ ಸ್ಕ್ರೀನಿನ ಮೂಲೆ ಈಗಲೂ ಹಳದಿ.
ಹೋದ ಅಮಾಸೆ ರಜೆಗೆ, ಕತ್ತರಿಸಿ ಉಳಿದ ತುಂಡು ತಂದು
ಲಂಗಕ್ಕೆ ಒಂದು ಜೇಬು ಹೊಲ್ಕೊಂಡೆ.
ಹದಿನೇಳು ವರ್ಷದಾಗೆ ನನಗೆ ಅಂತ ಅದೊಂದೇ.
ಅಳತೆಗೆ ಫೋನು ಇಡಲಿಲ್ಲ, ಅಂಗೈ ಇಟ್ಟೆ,
ಸೀಮೆಸುಣ್ಣದಾಗೆ ಸುತ್ತ ಗೀರಿದೆ.
ಮೂಲೆಗೆ ಮೂರು ಹೊಲಿಗೆ ಹೆಚ್ಚು ಹಾಕಿದೆ,
ಹರಿಯೋದು ಅಲ್ಲೇ, ನನಗೆ ಗೊತ್ತು.

ಎರಡು ಪದರ ಡೆನಿಮ್ ಒಳಗೆ ಸುದ್ದಿ ಸದ್ದು ಮಾಡಲ್ಲ,
ಬರೀ ನಡುಗ್ತೈತೆ.
ರಾತ್ರಿ ಎಂಟಕ್ಕೆ ಮಷೀನು ನಿಂತ ಮೇಲೆ
ಬೆಟ್ಟದ ಕೆಳಗಿನ ರಸ್ತೆಯಾಗೆ ನಾನು, ಖಾಜಾಬಿ.
ಸೊಂಟದ ಹತ್ರ ಒಂದೆರಡು ಸಲ ನಡುಗ್ತು.
ಏನಿರಬಹುದು ಅಂತ ಕೈ ಹಾಕಿದೆ.
ಬೆಚ್ಚಗಿತ್ತು. ಕೈ ಅಲ್ಲೇ ಬಿಟ್ಟೆ.

"ಏನಂತೆ?" ಅಂದಳು.
"ಏನೋ ಬ್ರೇಕ್ ಆತಂತೆ."

ಲೈಟಿನ ಕಂಬದ ಕೆಳಗೆ ನಿಂತು
ಖಾಜಾಬಿ ತನ್ನ ಅಂಗೈ ಅಗಲ ಮಾಡಿ ತೋರಿಸಿದಳು,
"ನನಗೂ ಒಂದು."
ಅವಳ ಬೆರಳು ಉದ್ದ.
ಉಳಿದ ತುಂಡಿನಾಗೆ ಸಾಲಲ್ಲ, ನೋಡಬೇಕು.